ಕೊಸರೇ ಸರಕಾದಾಗ

2017ರಲ್ಲಿ ಜಪಾನಿನ ಫುಕುಒಕಾ ಪ್ರಾಂತ್ಯದ ಗುಡ್ಡಗಾಡಿನಲ್ಲಿ 585 ಸಿಡಿಗಳನ್ನು ಸುರಿದುಹೋದ ಆರೋಪದ ಮೇಲೆ ಪೊಲೀಸರು ಒಬ್ಬ ವ್ಯಕ್ತಿಯ ವಿರುದ್ಧ ಪ್ರಕರಣ ಹೂಡಿದರು. ಅಷ್ಟೂ ಎಕೆಬಿ48 ಎಂಬ, ಹಾಡಿ ಕುಣಿಯುವ ಹುಡುಗಿಯರ ಒಂದೇ ತಂಡದ ಸಿಡಿಗಳು. ಕಳ್ಳಮಾಲಲ್ಲ, ನಕಲಿಯಲ್ಲ, ದುಡ್ಡು ಕೊಟ್ಟು ಕೊಂಡವು. ಒಳಗಿದ್ದ ಮತದಾನದ ಚೀಟಿ ಕೈಗೆ ಬಂದ ಮೇಲೆ ಉಳಿದದ್ದು ಬರೀ ಪ್ಲಾಸ್ಟಿಕ್ಕು. ಒಂದು ಹಾಡನ್ನು ಎಷ್ಟು ಸಲ ಕೇಳಬಹುದೆಂದು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಎಷ್ಟು ಸಲ ಕೊಳ್ಳಬಹುದು ಎಂಬುದಕ್ಕಂತೂ ಇಲ್ಲೊಂದು ಲೆಕ್ಕ ಸಿಕ್ಕಿತು.

ನಮ್ಮ ಸಂತೆಯಲ್ಲಿ ತರಕಾರಿ ಕೊಂಡರೆ ಮೇಲೆ ನಾಲ್ಕು ಎಸಳು ಕೊತ್ತಂಬರಿ ಕೊಸರು ಹಾಕುತ್ತಾರೆ. ಆ ಕೊತ್ತಂಬರಿಯ ಆಸೆಗೆ ಯಾರೂ ಮಣಗಟ್ಟಲೆ ಬದನೆಕಾಯಿ ಕೊಂಡು ತಿಪ್ಪೆಗೆ ಸುರಿಯುವುದಿಲ್ಲ. ಜಪಾನಿನ ಐಡಲ್ ಉದ್ಯಮ, ಅಂದರೆ ಹಾಡಿ ಕುಣಿಯುವ ಎಳೆಯ ತಾರೆಯರನ್ನು ಬೆಳೆಸಿ ಮಾರುವ ಉದ್ಯಮ, ಜನರಿಂದ ಮಾಡಿಸಿದ್ದು ಹೆಚ್ಚುಕಡಿಮೆ ಅದನ್ನೇ. ಅಲ್ಲಿ ಕೊಸರೇ ಸರಕು, ಹಾಡು ಅದನ್ನು ಸುತ್ತಿಕೊಡುವ ಕಾಗದ. ಕೊಸರಿನಲ್ಲಿ ಏನೇನಿರುತ್ತದೆ? ಹುಡುಗಿಯ ಕೈಕುಲುಕಲು ಒಂದು ಚೀಟಿ, ಅವಳಿಗೆ ಮತ ಹಾಕಲು ಒಂದು ಚೀಟಿ, ಅವಳದೊಂದು ಫೋಟೊ, ಜೊತೆಗೆ ಒಂದು ಡಿವಿಡಿ. ಚೀಟಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಬೈದಿದ್ದಾರೆ. ನನಗೆ ಹೇಳಬೇಕೆನಿಸುವುದು ಆ ಡಿವಿಡಿಯ ಬಗ್ಗೆ, ಮತ್ತು ಐಡಲ್‌ಗಳ ಬೆನ್ನಿಗೆ ಬಿದ್ದಿರುವ ಕ್ಯಾಮೆರಾದ ಬಗ್ಗೆ.

ಟೋಕಿಯೊದಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಪಕ್ಕದ ಮೇಜಿನಲ್ಲಿ ನಲವತ್ತು ದಾಟಿದ ಸಹೋದ್ಯೋಗಿಯೊಬ್ಬರು ಕೂರುತ್ತಿದ್ದರು. ಮಾತು ಕಡಿಮೆ, ಕೆಲಸ ಚೊಕ್ಕ. ಒಂದು ಸೋಮವಾರ ಬೆಳಿಗ್ಗೆ ಅವರು ಚೀಲದಿಂದ ಹೊದಿಕೆ ಬಿಚ್ಚಿದ ಸಿಡಿಗಳ ಒಂದು ಕಟ್ಟು ತೆಗೆದು, ಆಚೀಚೆ ನೋಡಿ, ನನ್ನ ಕೀಲಿಮಣೆಯ ಪಕ್ಕ ಇಟ್ಟರು. ಹಾಡು ಒಂದೇ, ಮುಖಪುಟದ ಚಿತ್ರ ಮಾತ್ರ ಬೇರೆ ಬೇರೆ. 'ಚೀಟಿ, ಫೋಟೊ ನಾನು ತೆಗೆದುಕೊಂಡಿದ್ದೇನೆ. ಉಳಿದದ್ದು ನಿಮಗೆ. ಡಿವಿಡಿಯನ್ನು ಮಾತ್ರ ದಯವಿಟ್ಟು ನೋಡಿ' ಎಂದರು. ಆ ದನಿಯಲ್ಲಿ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು. ಚೀಟಿ ಕಳಚಿದ ಸಿಡಿಗಳನ್ನು ಹೀಗೆ ಪರಿಚಯದವರಿಗೆ ಹಂಚುವುದು ಅಲ್ಲಿನ ಅಭಿಮಾನಿಗಳಿಗೆ ಪ್ರಚಾರವೂ ಹೌದು, ಮನೆ ಖಾಲಿ ಮಾಡುವ ಉಪಾಯವೂ ಹೌದು ಎಂದು ಆಮೇಲೆ ತಿಳಿಯಿತು.

ತಂಡದ ಹೆಸರು ನೊಗಿಜಾಕಾ46. 2011ರ ಆಗಸ್ಟ್‌ನಲ್ಲಿ 'ಎಕೆಬಿ48ರ ಅಧಿಕೃತ ಪ್ರತಿಸ್ಪರ್ಧಿ' ಎಂಬ ವಿಚಿತ್ರ ಬಿರುದು ಹೊತ್ತು ಹುಟ್ಟಿದ ತಂಡ, ಸೋನಿ ಮ್ಯೂಸಿಕ್‌ನದು. ವಿಚಿತ್ರ ಏಕೆಂದರೆ ಎರಡೂ ತಂಡಗಳ ಹಿಂದಿರುವ ತಲೆ ಒಂದೇ, ಗೀತರಚನಕಾರ ಅಕಿಮೊತೊ ಯಾಸುಶಿಯವರದು. ತನ್ನ ಎದುರಾಳಿಯನ್ನು ತಾನೇ ಸಾಕಿಕೊಳ್ಳುವ ಜಾಣತನ ಎಲ್ಲರಿಗೂ ಬರುವುದಿಲ್ಲ. ಎಕೆಬಿಗೆ ಅಕಿಹಬಾರಾದಲ್ಲಿ ಸ್ವಂತ ರಂಗಮಂದಿರವಿತ್ತು, ಬೇಕೆಂದವರು ಹೋಗಿ ನೋಡಬಹುದಿತ್ತು. ನೊಗಿಜಾಕಾಕ್ಕೆ ಅಂಥದ್ದೊಂದು ಇರಲಿಲ್ಲ. 2012ರ ಫೆಬ್ರವರಿಯಲ್ಲಿ ಮೊದಲ ಸಿಂಗಲ್, ಅಂದರೆ ಒಂದು ಮುಖ್ಯ ಹಾಡಿನ ಸಿಡಿ, ಬಂದಾಗ ಮೂವತ್ತಕ್ಕೂ ಹೆಚ್ಚು ಹುಡುಗಿಯರಿದ್ದರು. ಹಾಡಿಗೆ ಆಯ್ಕೆಯಾದವರು 16 ಮಂದಿ. ಉಳಿದವರು ಏನು ಮಾಡಬೇಕು? ಅವರನ್ನು ಮೆಚ್ಚಿದವನು ಎಲ್ಲಿ ನೋಡಬೇಕು?

ಅದಕ್ಕೆ ಸಿಕ್ಕ ಉತ್ತರವೇ ಡಿವಿಡಿಯಲ್ಲಿದ್ದ 'ವ್ಯಕ್ತಿಗತ ಪಿವಿ'ಗಳು. ಪಿವಿ ಎಂದರೆ ಪ್ರಚಾರದ ವಿಡಿಯೊ. ಜಪಾನಿನಲ್ಲಿ ಹಾಡಿನ ವಿಡಿಯೊಗೆ ಹಿಂದಿನಿಂದ ಇರುವ ಹೆಸರು. ಆದರೆ ಇವು ಯಾವ ಹಾಡಿಗೂ ಸೇರಿದವಲ್ಲ. ತಂಡದ ಪ್ರತಿ ಹುಡುಗಿಗೂ ಕೆಲವೇ ನಿಮಿಷಗಳ ಒಂದು ಸ್ವಂತ ಚಿತ್ರ. ಆಯ್ಕೆಯಾದ 16ರಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಿಡಿ ಎ, ಬಿ, ಸಿ ಎಂದು ಮೂರು ಬಗೆಯಲ್ಲಿ ಬರುತ್ತಿತ್ತು, ಒಂದೊಂದರಲ್ಲಿ ಬೇರೆ ಬೇರೆ ಹುಡುಗಿಯರ ಚಿತ್ರಗಳು. ಎಲ್ಲರನ್ನೂ ನೋಡಬೇಕೆಂದರೆ ಮೂರನ್ನೂ ಕೊಳ್ಳಬೇಕು. ಯೂಟ್ಯೂಬಿನಲ್ಲಿ ಹಾಕುತ್ತಿದ್ದದ್ದು ಬರೀ ತುಣುಕು.

ವ್ಯಾಪಾರದ ತಂತ್ರ ಅಲ್ಲಿಗೆ ಸ್ಪಷ್ಟ. ಆದರೆ ಆ ಚಿತ್ರಗಳನ್ನು ನೋಡುತ್ತ ಹೋದಂತೆ ತಂತ್ರ ಮರೆತುಹೋಗುತ್ತದೆ. ಒಂದು ಪೂರ್ತಿ ಕಿರುನಾಟಕ, ಅದರ ಬೆನ್ನಿಗೆ ಒಂದು ಹುಚ್ಚು ಹಾಸ್ಯ, ಆಮೇಲೆ ಒಂದು ಸುಳ್ಳು ಸಾಕ್ಷ್ಯಚಿತ್ರ, ಮಾತೇ ಇಲ್ಲದ ಒಂದು ನೃತ್ಯ, ಹುಡುಗಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಲೇ ಇರುವ ಒಂದೇ ದೃಶ್ಯ. ಹುಡುಗಿಯೊಬ್ಬಳು ಬೇಕು, ಪುಟ್ಟ ಖರ್ಚಿನಲ್ಲಿ ಮುಗಿಯಬೇಕು. ಇವೆರಡು ಬಿಟ್ಟರೆ ನಿರ್ದೇಶಕರ ಕೈಕಟ್ಟುವವರು ಇದ್ದಂತೆ ಕಾಣುವುದಿಲ್ಲ. ಹಾಗಾಗಿ ಹೊಸಬರು ಬಂದರು, ಮನಸ್ಸಿಗೆ ಬಂದದ್ದನ್ನು ಮಾಡಿದರು. ಕೆಲವು ಕೆಟ್ಟವು. ಹಲವು ಸಾಧಾರಣ. ನಡುವೆ ಒಂದೊಂದು, ಎಲ್ಲಿಯಾದರೂ ಕಿರುಚಿತ್ರೋತ್ಸವಕ್ಕೆ ಕಳಿಸಿದ್ದರೆ ಗೆದ್ದು ಬರುತ್ತಿತ್ತು ಅನ್ನಿಸುವಂಥದ್ದು. 2019ರಲ್ಲಿ ಟೋಕಿಯೊದ ರೊಪ್ಪೊಂಗಿಯಲ್ಲಿ ಈ ತಂಡದ ಉಡುಪು, ಮುಖಪುಟ, ವಿಡಿಯೊಗಳ ಸಾಮಗ್ರಿಯನ್ನೆಲ್ಲ ಒಂದು ಪ್ರದರ್ಶನವಾಗಿಯೇ ಇಟ್ಟರು. ಕೊಸರಿಗೆ ವಸ್ತುಸಂಗ್ರಹಾಲಯದ ಗೋಡೆ ಸಿಕ್ಕಿತು.

ನನ್ನನ್ನು ಹಿಡಿದದ್ದು ಇನ್ನೊಂದು. ಈ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮೊದಲ ಚಿತ್ರದಲ್ಲಿ ನಟಿಸಲು ಬರುವುದಿಲ್ಲ. ಕೈ ಎಲ್ಲಿಡಬೇಕೆಂದು ಗೊತ್ತಿಲ್ಲ, ಮಾತು ಒಂದೇ ಏರಿನಲ್ಲಿ ಓಡುತ್ತದೆ, ನಗು ಅರ್ಧ ಕ್ಷಣ ಮೊದಲೇ ಬಂದುಬಿಡುತ್ತದೆ. ಮೂರು ನಾಲ್ಕು ಸಿಂಗಲ್ ದಾಟುವ ಹೊತ್ತಿಗೆ ಅದೇ ಹುಡುಗಿ ಸುಮ್ಮನೆ ನಿಲ್ಲುವುದನ್ನು ಕಲಿತಿರುತ್ತಾಳೆ. ನಟನೆಯಲ್ಲಿ ಅತಿ ಕಷ್ಟದ್ದು ಅದು, ಸುಮ್ಮನೆ ನಿಲ್ಲುವುದು. ಬೇರೆ ಚಿತ್ರೋದ್ಯಮಗಳು ಕಲಿಕೆಯ ಈ ವರ್ಷಗಳನ್ನು ಶಾಲೆಯ ಗೋಡೆಯೊಳಗೆ ಮುಚ್ಚಿಟ್ಟು, ಕಲಿತವಳನ್ನು ಮಾತ್ರ ತೋರಿಸುತ್ತವೆ. ಇಲ್ಲಿ ಮಾರಾಟಕ್ಕಿರುವುದೇ ಕಲಿಕೆ. ಚೆನ್ನಾಗಿ ಹಾಡುವವರು ಬೇಕಿದ್ದರೆ ಜಪಾನಿನಲ್ಲಿ ಹಾಡುಗಾರರಿಗೆ ಬರವಿಲ್ಲ. ಐಡಲ್‌ನ ಅಭಿಮಾನಿ ಹುಡುಕುವುದು ಇನ್ನೂ ಬಾರದವರನ್ನು.

ಇದು ಅಕಿಮೊತೊ ಅವರ ಆವಿಷ್ಕಾರವೇನಲ್ಲ. 1971ರಲ್ಲಿ ನಿಪ್ಪೊನ್ ಟೆಲಿವಿಷನ್‌ನಲ್ಲಿ ಶುರುವಾದ ಪ್ರತಿಭಾನ್ವೇಷಣೆಯ ಕಾರ್ಯಕ್ರಮವೊಂದರಲ್ಲಿ ಹಾಡಲು ಬಂದ ಹುಡುಗಿಯನ್ನು ವೇದಿಕೆಯ ಮೇಲೆ ನಿಲ್ಲಿಸಿ, ಎದುರು ಕುಳಿತ ಕಂಪನಿಗಳವರು ಬೇಕಿದ್ದರೆ ಫಲಕ ಎತ್ತುತ್ತಿದ್ದರು. ಯಾರೂ ಎತ್ತದಿದ್ದರೆ ಆ ಹುಡುಗಿಯ ಮುಖವೂ ದೇಶಕ್ಕೆಲ್ಲ ಕಾಣುತ್ತಿತ್ತು. ಯಾಮಾಗುಚಿ ಮೊಮೊಎ ಬಂದದ್ದು ಅಲ್ಲಿಂದ. ಹದಿಮೂರನೇ ವಯಸ್ಸಿಗೆ ಆ ವೇದಿಕೆ ಹತ್ತಿ, ಇಪ್ಪತ್ತೊಂದಕ್ಕೆ, 1980ರ ಅಕ್ಟೋಬರ್‌ನಲ್ಲಿ, ಬುಡೊಕಾನ್ ಸಭಾಂಗಣದಲ್ಲಿ ಮೈಕನ್ನು ನೆಲದ ಮೇಲಿಟ್ಟು ಹೊರಟುಹೋದವರು ಮತ್ತೆ ಆ ವೃತ್ತಿಗೆ ಮರಳಲೇ ಇಲ್ಲ. 1985ರಲ್ಲಿ ಫುಜಿ ಟೆಲಿವಿಷನ್ ಸಂಜೆ ಐದಕ್ಕೆ, ಶಾಲೆ ಬಿಡುವ ಹೊತ್ತಿಗೆ, ಸಾಧಾರಣ ಶಾಲಾ ಹುಡುಗಿಯರ ಒಂದು ದಂಡನ್ನೇ ಕ್ಯಾಮೆರಾದ ಮುಂದೆ ತಂದಿತು. ಒಬ್ಬೊಬ್ಬರಿಗೂ ಸದಸ್ಯತ್ವದ ಸಂಖ್ಯೆ. ಹಾಡುಗಳನ್ನು ಬರೆದವರಲ್ಲಿ ತರುಣ ಅಕಿಮೊತೊ ಇದ್ದರು.

1997ರದ್ದು ಇನ್ನೂ ಸ್ಪಷ್ಟ. ಟಿವಿ ಟೋಕಿಯೊದ ಕಾರ್ಯಕ್ರಮವೊಂದರಲ್ಲಿ ರಾಕ್ ಗಾಯಕಿಯ ಆಯ್ಕೆ ನಡೆಯಿತು. ಗೆದ್ದವಳನ್ನು ಬಿಟ್ಟು, ಸೋತವರಲ್ಲಿ ಐವರನ್ನು ಕರೆದು ಒಂದು ಪಂಥ ಒಡ್ಡಿದರು: ಐದು ದಿನಗಳಲ್ಲಿ ನಿಮ್ಮ ಸಿಡಿಯ 50,000 ಪ್ರತಿಗಳನ್ನು ನೀವೇ ಕೈಯಾರೆ ಮಾರಬೇಕು, ಆಗ ಅವಕಾಶ. ಒಸಾಕಾ, ಫುಕುಒಕಾ, ಸಪ್ಪೊರೊ, ನಗೊಯಾ ಎಂದು ಊರೂರು ತಿರುಗಿ ನಾಲ್ಕೇ ದಿನಗಳಲ್ಲಿ ಮಾರಿ ಮುಗಿಸಿದರು. ಕ್ಯಾಮೆರಾ ಜೊತೆಗೇ ಇತ್ತು. ಮಾರ್ನಿಂಗ್ ಮುಸುಮೆ ಹುಟ್ಟಿದ್ದು ಹಾಗೆ. ಆ ದಿನಗಳಲ್ಲಿ ಸಿಡಿ ಕೊಂಡವರು ಕೊಂಡದ್ದು ಒಂದು ಹಾಡನ್ನೋ, ಟಿವಿಯಲ್ಲಿ ವಾರವಾರ ನೋಡುತ್ತಿದ್ದ ಕಥೆಯ ಮುಂದಿನ ಕಂತನ್ನೋ? ನನ್ನ ಮಟ್ಟಿಗೆ ಎರಡನೆಯದು. ಗೆದ್ದವಳಿಗಿಂತ ಸೋತವರೇ ದೊಡ್ಡ ತಾರೆಯರಾದರು, ಏಕೆಂದರೆ ಕಥೆ ಇದ್ದದ್ದು ಸೋತವರ ಬಳಿ.

ಎಕೆಬಿ48 ಬಂದದ್ದು 2005ರ ಡಿಸೆಂಬರ್ 8ರಂದು. ಅಕಿಹಬಾರಾದಲ್ಲಿ ಡಾನ್ ಕಿಹೋಟೆ ಎಂಬ ಅಗ್ಗದ ಅಂಗಡಿಯ ಎಂಟನೇ ಮಹಡಿ, 250 ಜನ ಹಿಡಿಸುವ ಜಾಗ, ವೇದಿಕೆಯ ಮುಂದೆಯೇ ಎರಡು ದಪ್ಪ ಕಂಬ. ಮೊದಲ ದಿನ ದುಡ್ಡು ಕೊಟ್ಟು ಬಂದವರು ಏಳು ಮಂದಿ. ಈ ಏಳರ ಸಂಖ್ಯೆಯನ್ನು ತಂಡದವರು ಪುರಾಣದಂತೆ ಹೇಳುತ್ತಲೇ ಬಂದಿದ್ದಾರೆ. ಕಂಬಗಳನ್ನೂ ಅಷ್ಟೇ. ಎಲ್ಲಿ ಕುಳಿತರೂ ಯಾರೋ ಒಬ್ಬಳು ಕಂಬದ ಮರೆಗೆ ಹೋಗುತ್ತಾಳೆ. ನಿಮ್ಮ ಹುಡುಗಿ ಮರೆಯಾದರೆ ನಾಳೆ ಮತ್ತೆ ಬರಬೇಕು. ಕಟ್ಟಡದ ದೋಷವೂ ಟಿಕೆಟ್ ಮಾರುತ್ತಿತ್ತು.

ಆಮೇಲೆ 2009ರಿಂದ 2018ರವರೆಗೆ ವರ್ಷಕ್ಕೊಂದು ಚುನಾವಣೆ, ಸಿಡಿಯೊಳಗಿನ ಚೀಟಿಯೇ ಮತಪತ್ರ. 2010ರಲ್ಲಿ ಕಲ್ಲು-ಕಾಗದ-ಕತ್ತರಿ ಆಟದ ಪಂದ್ಯಾವಳಿ. ಗೆದ್ದವಳು ಮುಂದಿನ ಹಾಡಿನ ನಡುಮಧ್ಯೆ ನಿಲ್ಲುವವಳು. 2011ರ ಚುನಾವಣೆಯಲ್ಲಿ ಮಾಯೆದಾ ಅತ್ಸುಕೊ 1,39,892 ಮತಗಳೊಂದಿಗೆ ಮೊದಲ ಸ್ಥಾನಕ್ಕೆ ಬಂದಾಗ, ತನ್ನನ್ನು ಇಷ್ಟಪಡದವರೂ ಎಕೆಬಿಯನ್ನು ದ್ವೇಷಿಸಬೇಡಿ ಎಂದು ಅಳುತ್ತ ಕೇಳಿಕೊಂಡರು. ಗೆದ್ದವರು ಕ್ಷಮೆ ಬೇಡುವ ಧಾಟಿಯ ಆ ಭಾಷಣ ಜಪಾನಿನಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅದೇ 2011ರ ಬೇಸಿಗೆಯನ್ನು ಹಿಡಿದಿಟ್ಟ ಸಾಕ್ಷ್ಯಚಿತ್ರವೊಂದಿದೆ. ಎಕೆಬಿಯ ಮೇಲೆ ವರ್ಷವರ್ಷ ಬಂದ ಸಾಕ್ಷ್ಯಚಿತ್ರಗಳ ಸರಣಿಯಲ್ಲಿ ಎರಡನೆಯದು, 2012ರ ಜನವರಿಯಲ್ಲಿ ತೆರೆಕಂಡಿತು. ನಿರ್ದೇಶಕ ತಕಹಾಶಿ ಎಯ್ಕಿ. ಸುನಾಮಿಯಿಂದ ಕೊಚ್ಚಿಹೋದ ಊರುಗಳಿಗೆ ಹುಡುಗಿಯರು ಹೋಗಿ ಟ್ರಕ್ಕಿನ ಮೇಲೆ ಕುಣಿಯುವುದು ಅದರಲ್ಲಿದೆ. ಜನ ಮರೆಯದಿರುವುದು ಮಾತ್ರ ಸೆಯಿಬು ಡೋಮ್ ಎಂಬ ಕ್ರೀಡಾಂಗಣದ ಭಾಗ. ಜುಲೈ ತಿಂಗಳ ಸೆಕೆ, ಮೂರು ದಿನದ ಕಛೇರಿ. ಮೊದಲ ದಿನ ಎಲ್ಲ ಅಸ್ತವ್ಯಸ್ತ, ಅಕಿಮೊತೊ ಬೈಯುತ್ತಾರೆ. ಎರಡನೇ ದಿನ ತೆರೆಯ ಹಿಂದೆ ಹುಡುಗಿಯರು ಒಬ್ಬೊಬ್ಬರಾಗಿ ಕುಸಿಯತೊಡಗುತ್ತಾರೆ. ನೆಲದ ಮೇಲೆ ಮಲಗಿದವರ ಕುತ್ತಿಗೆಗೆ ಮಂಜುಗಡ್ಡೆ ಒತ್ತುತ್ತಾರೆ, ಗಾಳಿ ಬೀಸುತ್ತಾರೆ. ಮಾಯೆದಾಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಎದೆ ಎದ್ದೆದ್ದು ಬೀಳುತ್ತದೆ, ಕಣ್ಣು ಎಲ್ಲೋ ಹೋಗಿದೆ. ಅವರು ನಡುವೆ ನಿಲ್ಲಬೇಕಾದ ಹಾಡು ಬಂದೇಬಿಟ್ಟಿತು. ಯಾರೋ ತೋಳು ಹಿಡಿದು ಎಬ್ಬಿಸುತ್ತಾರೆ. ಮೆಟ್ಟಿಲು ಹತ್ತುವವರೆಗೂ ಮುಖ ಬೆಳ್ಳಗಿದೆ. ಬೆಳಕು ಬಿದ್ದ ಕೂಡಲೇ ನಗುತ್ತಾರೆ.

ಅಭಿಮಾನಿಗಳಿಗೆ ಇದೊಂದು ಮಹಾಕಾವ್ಯದ ದೃಶ್ಯ. ನನಗೆ ಅದನ್ನು ನೋಡುವಾಗ ಕಣ್ಣು ಕೀಳಲಾಗಲಿಲ್ಲ, ನೋಡಿ ಮುಗಿದ ಮೇಲೆ ಸಿಟ್ಟು ಬಂತು. ಕ್ಯಾಮೆರಾ ಹಿಡಿದವನಿಗೆ ಅಷ್ಟು ಹತ್ತಿರ ಹೋಗಲು ಬಿಟ್ಟವರು ಯಾರು? ಬಿಟ್ಟವರು ಕಂಪನಿಯವರೇ. ಒಂದು ಉದ್ಯಮ ತನ್ನ ಕೆಲಸಗಾರರು ದಣಿದು ಬೀಳುವುದನ್ನು ಮುಚ್ಚಿಡುವುದು ಲೋಕರೂಢಿ. ಕಾರ್ಖಾನೆಯಲ್ಲಿ ಹೀಗಾದರೆ ತನಿಖೆ, ಪರಿಹಾರ, ಮುಜುಗರ. ಇಲ್ಲಿ ಅದನ್ನೇ ಚಿತ್ರೀಕರಿಸಿ, ಸಂಕಲಿಸಿ, ಹಿನ್ನೆಲೆ ಸಂಗೀತ ಕೂಡಿಸಿ ಚಿತ್ರಮಂದಿರದಲ್ಲಿ ಟಿಕೆಟಿಗೆ ತೋರಿಸಿದರು, ಆಮೇಲೆ ಡಿವಿಡಿ ಮಾರಿದರು. ಹಾಗೆಂದು ಚಿತ್ರ ಸುಳ್ಳಲ್ಲ. ತಕಹಾಶಿ ಯಾವುದನ್ನೂ ಸಿಹಿಮಾಡಿಲ್ಲ, ಸೂತ್ರಧಾರನ ಉಪದೇಶವಿಲ್ಲ. ಹೀಗೆ ಪ್ರಾಮಾಣಿಕವಾಗಿ ತೋರಿಸಿದ್ದರಿಂದಲೇ ಅದು ಇನ್ನಷ್ಟು ಒಳ್ಳೆಯ ಸರಕಾಯಿತು ಎಂಬುದು ನನ್ನ ತಕರಾರು.

ನೊಗಿಜಾಕಾದ ಮೊದಲ ಸಾಕ್ಷ್ಯಚಿತ್ರ, 2015ರದ್ದು, ಬೇರೆ ದಾರಿ ಹಿಡಿಯಿತು. ಅಲ್ಲಿ ಹುಡುಗಿಯರ ಕಥೆಯನ್ನು ಹೇಳುವುದು ಅವರ ತಾಯಂದಿರ ಮಾತುಗಳು. ಶಾಲೆಯಲ್ಲಿ ಒಂಟಿಯಾಗಿದ್ದವಳು, ಮನೆಯಿಂದ ಹೊರಗೇ ಹೋಗದವಳು, ಊರು ಬಿಟ್ಟು ಬರುವಾಗ ಅತ್ತವಳು. ತಾಯಿಯ ದನಿ ಬಂದ ಮೇಲೆ ಯಾರು ತಾನೇ ಕರಗುವುದಿಲ್ಲ? ಅಲ್ಲಿಗೂ ಕ್ಯಾಮೆರಾ ಮನೆಯೊಳಕ್ಕೆ ಬಂದಾಯಿತು ಎಂಬುದು ನೆನಪಾದದ್ದು ಚಿತ್ರ ಮುಗಿದು ಹೊತ್ತಾದ ಮೇಲೆ. ಇದೇ ತಂಡ 2012ರಲ್ಲಿ ಒಂದು ನಾಟಕ ಆಡಿತ್ತು: ಮೊದಲ ಅಂಕದಲ್ಲಿ ಹುಡುಗಿಯರು ಪ್ರೇಕ್ಷಕರೆದುರೇ ಪಾತ್ರಕ್ಕಾಗಿ ಆಯ್ಕೆಪರೀಕ್ಷೆ ಕೊಡಬೇಕು, ಪ್ರೇಕ್ಷಕರು ಮತ ಹಾಕಬೇಕು, ಎರಡನೇ ಅಂಕದಲ್ಲಿ ಗೆದ್ದವರಿಗೆ ಪಾತ್ರ. ಪ್ರತಿ ಪ್ರದರ್ಶನದಲ್ಲೂ ಹೀಗೆಯೇ. ಸೋಲುವುದನ್ನೂ ರಂಗದ ಮೇಲೆಯೇ ಮಾಡಬೇಕು.

ಎಲ್ಲವನ್ನೂ ತೋರಿಸುವ ಈ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2013ರ ಜನವರಿ ಕೊನೆಯ ಆ ವಿಡಿಯೊ. ಎಕೆಬಿಯ ಮೊದಲ ತಂಡದ ಸದಸ್ಯೆ ಮಿನೆಗಿಶಿ ಮಿನಾಮಿ ಒಬ್ಬ ತರುಣನ ಮನೆಯಿಂದ ಹೊರಬರುತ್ತಿದ್ದ ಚಿತ್ರವನ್ನು ವಾರಪತ್ರಿಕೆಯೊಂದು ಅಚ್ಚುಹಾಕಿತು. ಐಡಲ್‌ಗಳು ಪ್ರೀತಿಸಕೂಡದು ಎಂಬುದು ಅಲ್ಲಿನ ನಿಯಮ. ಪತ್ರಿಕೆ ಅಂಗಡಿಗೆ ಬಂದ ದಿನವೇ ಮಿನೆಗಿಶಿ ತಲೆ ಬೋಳಿಸಿಕೊಂಡು, ಕ್ಯಾಮೆರಾದ ಮುಂದೆ ಕುಳಿತು, ಅಳುತ್ತ ಕ್ಷಮೆ ಕೇಳಿದರು. ವಯಸ್ಸು ಇಪ್ಪತ್ತು. ವಿಡಿಯೊ ಬಂದದ್ದು ತಂಡದ ಅಧಿಕೃತ ಯೂಟ್ಯೂಬ್ ವಾಹಿನಿಯಲ್ಲೇ. ಜಗತ್ತೆಲ್ಲ ಛೀ ಅಂದ ಮೇಲೆ ತೆಗೆದುಹಾಕಿದರು. ಮಿನೆಗಿಶಿಯನ್ನು ತರಬೇತಿಯ ಹಂತಕ್ಕೆ ಇಳಿಸಿದರು. ಅವರು ಮತ್ತೆ ಮೇಲೇರಿ 2021ರವರೆಗೂ ತಂಡದಲ್ಲಿದ್ದರು. ತಲೆ ಬೋಳಿಸಿದ್ದು ತಮ್ಮದೇ ನಿರ್ಧಾರ ಎಂದು ಅವರು ಹೇಳಿದ್ದಾರೆ, ನಂಬೋಣ. ಆದರೆ ಏಳು ವರ್ಷ ಕ್ಯಾಮೆರಾದ ಮುಂದೆ ಬೆಳೆದ ಹುಡುಗಿಗೆ ಪಶ್ಚಾತ್ತಾಪ ಎಂದರೆ ಅದೂ ಒಂದು ವಿಡಿಯೊ ಎಂದು ಹೊಳೆದದ್ದರಲ್ಲಿ ಅವರ ತಪ್ಪೇನು?

ಪ್ರೀತಿಸಬಾರದೆಂಬ ಕರಾರು ನ್ಯಾಯಾಲಯಕ್ಕೂ ಹೋಯಿತು. 2015ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಹದಿಹರೆಯದ ಒಬ್ಬ ಮಾಜಿ ಐಡಲ್‌ಗೆ ಸುಮಾರು 6,50,000 ಯೆನ್ ಪರಿಹಾರ ಕಟ್ಟಲು ಹೇಳಿತು. ನಾಲ್ಕೇ ತಿಂಗಳಲ್ಲಿ, 2016ರ ಜನವರಿಯಲ್ಲಿ, ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಪ್ರೀತಿಸುವುದು ಮನುಷ್ಯನ ಸುಖದ ಹಕ್ಕಿಗೆ ಸೇರಿದ್ದು ಎಂದು ಕಂಪನಿಯ ದಾವೆಯನ್ನು ತಳ್ಳಿಹಾಕಿತು. ಕಾನೂನು ಹೇಗೋ ಒಂದು ಹೆಜ್ಜೆ ಮುಂದಿಟ್ಟಿತು.

ಇನ್ನೊಂದು ವಿಡಿಯೊ ಇದಕ್ಕೆ ಪೂರ್ತಿ ತಿರುಗುಮುರುಗು. 2018ರ ಡಿಸೆಂಬರ್‌ನಲ್ಲಿ ಎಕೆಬಿಯ ಸೋದರ ತಂಡವಾದ ನಿಗಾತಾದ ಎನ್‌ಜಿಟಿ48ರ ಯಾಮಾಗುಚಿ ಮಾಹೊ ಅವರ ಮೇಲೆ ಮನೆಬಾಗಿಲಲ್ಲೇ ಇಬ್ಬರು ಗಂಡಸರು ಹಲ್ಲೆ ಮಾಡಿದರು. ತಿಂಗಳು ಕಳೆದರೂ ಕಂಪನಿ ಬಾಯಿ ಬಿಡಲಿಲ್ಲ. ಜನವರಿಯಲ್ಲಿ ಯಾಮಾಗುಚಿ ತಾವೇ ಮೊಬೈಲ್ ಎದುರು ಕುಳಿತು, ನೇರ ಪ್ರಸಾರದಲ್ಲಿ ಅಳುತ್ತ ಎಲ್ಲವನ್ನೂ ಹೇಳಿದರು. ಅಭಿಮಾನಿಗಳಿಂದ ಉಡುಗೊರೆ ಗಿಟ್ಟಿಸಲೆಂದು ಐಡಲ್‌ಗಳಿಗೆ ಕೊಟ್ಟಿದ್ದ ನೇರ ಪ್ರಸಾರದ ಸೌಲಭ್ಯ ಅದು. ಎರಡು ದಿನಗಳ ಮೇಲೆ, ತಂಡದ ರಂಗಮಂದಿರದ ವಾರ್ಷಿಕೋತ್ಸವದ ವೇದಿಕೆಯಲ್ಲಿ, ಹಲ್ಲೆಗೆ ಒಳಗಾದವರೇ ಎಲ್ಲರಿಗೂ ತೊಂದರೆ ಕೊಟ್ಟೆನೆಂದು ಬಾಗಿ ಕ್ಷಮೆ ಕೇಳಿದರು. ಆ ಕ್ಷಮೆ ಕಂಡೇ ಊರಿಗೆ ಊರು ಸಿಟ್ಟಾದದ್ದು. ಮೇ ತಿಂಗಳಲ್ಲಿ ಅವರು ತಂಡ ಬಿಟ್ಟರು.

ಇಷ್ಟೆಲ್ಲ ತೋರಿಸುವ ಕ್ಯಾಮೆರಾಗಳು ತೋರಿಸದೆ ಬಿಟ್ಟದ್ದು ಗಂಡು ಐಡಲ್‌ಗಳ ಲೋಕದಲ್ಲಿ ಕಾಣುತ್ತದೆ. ಜಾನೀಸ್ ಎಂಬ ಸಂಸ್ಥೆ ದಶಕಗಳ ಕಾಲ ಆ ಲೋಕವನ್ನು ಆಳಿತು. ಅದರ ಹುಡುಗರ ತಾಲೀಮು, ತಮಾಷೆ, ಪ್ರವಾಸ, ಕಣ್ಣೀರು ಎಲ್ಲವೂ ಟಿವಿಯಲ್ಲಿ, ಡಿವಿಡಿಯಲ್ಲಿ. ಸಂಸ್ಥಾಪಕ ಜಾನಿ ಕಿತಾಗಾವಾ ಹುಡುಗರನ್ನು ಲೈಂಗಿಕವಾಗಿ ಶೋಷಿಸುತ್ತಿದ್ದ ಎಂಬ ವರದಿಗಳಿಗೆ ಮುಖ್ಯ ಅಂಶಗಳಲ್ಲಿ ಆಧಾರವಿದೆ ಎಂದು 2003ರಲ್ಲೇ ಟೋಕಿಯೊ ಉಚ್ಚ ನ್ಯಾಯಾಲಯ ಹೇಳಿತ್ತು, ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಟಿವಿಗಳು ತುಟಿ ಬಿಚ್ಚಲಿಲ್ಲ. ಆತ 2019ರಲ್ಲಿ ಗೌರವದೊಂದಿಗೆ ತೀರಿಕೊಂಡ. ಸಂಸ್ಥೆ ಒಪ್ಪಿಕೊಂಡದ್ದು 2023ರ ಸೆಪ್ಟೆಂಬರ್‌ನಲ್ಲಿ, ಬಿಬಿಸಿ ಸಾಕ್ಷ್ಯಚಿತ್ರ ಮಾಡಿದ ಮೇಲೆ, ಸಂತ್ರಸ್ತರು ಹೆಸರು ಹೇಳಿ ಮುಂದೆ ಬಂದ ಮೇಲೆ. ತೆರೆಯ ಹಿಂದಿನದನ್ನು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅವತ್ತಿನಿಂದ ನಾನು ಕೇಳಿಕೊಳ್ಳುವುದು, ಅದರ ಹಿಂದೆ ಇನ್ನೊಂದು ತೆರೆ ಎಲ್ಲಿದೆ ಎಂದು.

ಎಲ್ಲವೂ ಇಷ್ಟು ಕತ್ತಲೆಯಲ್ಲ. 2013ರಲ್ಲಿ ಎಕೆಬಿಯಿಂದ 'ಫಾರ್ಚೂನ್ ಕುಕಿ', ಅಂದರೆ ಭವಿಷ್ಯ ಹೇಳುವ ಬಿಸ್ಕತ್ತಿನ ಹಾಡೊಂದು ಬಂತು, ಹೆಜ್ಜೆಗಳು ಸುಲಭ, ಅಜ್ಜಿಯರೂ ಕುಣಿಯಬಹುದು. ಮೊದಲು ತಂಡದ ಸಿಬ್ಬಂದಿ ಕುಣಿದು ವಿಡಿಯೊ ಹಾಕಿದರು, ಆಮೇಲೆ ಕಂಪನಿಗಳು, ಆಮೇಲೆ ಪ್ರಾಂತ್ಯಗಳ ಸರ್ಕಾರಿ ಕಚೇರಿಗಳು. ಕನಗಾವಾದ ಗವರ್ನರ್ ಕುಣಿದ ವಿಡಿಯೊ ನೋಡಿದರೆ ಇವತ್ತಿಗೂ ಮನಸ್ಸು ಹಗುರಾಗುತ್ತದೆ. ಅದೇ ಹಾಡು ಥಾಯ್ ಭಾಷೆಗೆ ಹೋಗಿ ಬ್ಯಾಂಕಾಕಿನ ಬಿಎನ್‌ಕೆ48 ತಂಡವನ್ನು ಮನೆಮಾತಾಗಿಸಿತು. ಜಕಾರ್ತಾದಲ್ಲಿ 2011ರಿಂದಲೇ ಒಂದು ತಂಡವಿದೆ. ಮುಂಬೈಗೆ, ದೆಹಲಿಗೆ ಕೂಡ ತಂಡ ಘೋಷಣೆಯಾಗಿತ್ತು. ಎರಡೂ ಬೇರು ಬಿಡಲಿಲ್ಲ. ನಮ್ಮಲ್ಲಿ ರಿಯಾಲಿಟಿ ಕಾರ್ಯಕ್ರಮಗಳ ಮಕ್ಕಳು ಅಳುವುದನ್ನು ನಿಧಾನಗತಿಯಲ್ಲಿ ಮೂರು ಸಲ ತೋರಿಸುವ ವಾಹಿನಿಗಳು ಇರುವಾಗ ಹೊರಗಿನಿಂದ ತರಿಸಿಕೊಳ್ಳುವ ಅಗತ್ಯ ಬೀಳಲಿಲ್ಲವೇನೋ.

ಆ ಸಹೋದ್ಯೋಗಿ ಒಮ್ಮೆ ತಮ್ಮೊಡನೆ ಕೈಕುಲುಕುವ ಕೂಟಕ್ಕೆ ಕರೆದರು. ದೊಡ್ಡ ವಸ್ತುಪ್ರದರ್ಶನದ ಸಭಾಂಗಣ, ಕಟ್ಟುಗಂಬಿಗಳ ಸಾಲು, ಬಾಗಿಲಲ್ಲಿ ಚೀಲ ತಪಾಸಣೆ. 2014ರಲ್ಲಿ ಇವಾತೆ ಪ್ರಾಂತ್ಯದ ಎಕೆಬಿ ಕೂಟವೊಂದಕ್ಕೆ ಒಬ್ಬ ಗರಗಸ ಹಿಡಿದು ನುಗ್ಗಿ ಇಬ್ಬರು ಹುಡುಗಿಯರನ್ನೂ ಒಬ್ಬ ಸಿಬ್ಬಂದಿಯನ್ನೂ ಗಾಯಗೊಳಿಸಿದ ಮೇಲೆ ಈ ತಪಾಸಣೆ ಬಿಗಿಯಾಯಿತಂತೆ. ಸಾಲು ಮುಂದೆ ಸರಿದು, ಇವರ ಸರದಿ ಬಂತು. ಹುಡುಗಿ ಎರಡೂ ಕೈಗಳಿಂದ ಇವರ ಕೈ ಹಿಡಿದು ಏನೋ ಕೇಳಿದಳು, ಇವರು ಏನೋ ಹೇಳಿದರು, ಬೆನ್ನ ಹಿಂದೆ ನಿಂತಿದ್ದ ಸಿಬ್ಬಂದಿ ಭುಜ ಹಿಡಿದು ಮೆಲ್ಲಗೆ ಆಚೆ ಸರಿಸಿದ. ಮುಗಿಯಿತು. ಹೊರಗೆ ಬಂದ ಮೇಲೆ, ಏನು ಮಾತಾಡಿದಿರಿ ಎಂದು ಕೇಳಿದೆ. ಹಿಂದಿನ ಸಿಂಗಲ್‌ನ ಪಿವಿಯಲ್ಲಿ ಅವಳು ಸುಮ್ಮನೆ ಕಿಟಕಿಯಾಚೆ ನೋಡುವ ಒಂದು ಗಳಿಗೆ ಬರುತ್ತದೆ, ಅದು ಚೆನ್ನಾಗಿತ್ತು ಎಂದರಂತೆ. ಅವಳು, ಅದನ್ನು ಗಮನಿಸಿದವರು ನೀವೊಬ್ಬರೇ ಎಂದಳಂತೆ. ಇದೇ ಮಾತನ್ನು ಅವಳು ಆ ದಿನ ಇನ್ನೆಷ್ಟು ಮಂದಿಗೆ ಹೇಳಿದಳೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರ ಮುಖ ನೋಡಿದರೆ ಅವರಿಗೂ ಅದು ಗೊತ್ತಿತ್ತು.

2020ರಲ್ಲಿ ಕೊರೊನಾ ಬಂದು ಕೈಗಳನ್ನು ಬಿಡಿಸಿತು. ನೊಗಿಜಾಕಾ ತಂಡ ಕೈಕುಲುಕುವುದನ್ನು ನಿಲ್ಲಿಸಿ ವಿಡಿಯೊ ಕರೆಗೆ ಬದಲಾಯಿತು. ಒಂದು ಚೀಟಿಗೆ ಕೆಲವು ಸೆಕೆಂಡು, ಮೊಬೈಲಿನ ಪರದೆಯ ಮೇಲೆ ಅವಳು, ಅವಳ ಪರದೆಯ ಮೇಲೆ ನೀವು. ಸೋಂಕು ತಗ್ಗಿದ ಮೇಲೂ ಅದು ಮುಂದುವರಿಯಿತು. ಕಂಪನಿಗೆ ಸಭಾಂಗಣದ ಬಾಡಿಗೆ ಉಳಿಯಿತು, ದೂರದೂರಿನ ಅಭಿಮಾನಿಗೆ ರೈಲಿನ ಖರ್ಚು ಉಳಿಯಿತು, ಹುಡುಗಿಯರಿಗೆ ಗರಗಸದ ಭಯ ಉಳಿಯಲಿಲ್ಲ. ಇದರಲ್ಲಿ ಯಾರಿಗೆ ನಷ್ಟ ಎಂದು ನನಗೆ ಹೇಳಲಾಗದು.

ಮಾಯೆದಾ ಅತ್ಸುಕೊ 2012ರ ಆಗಸ್ಟ್‌ನಲ್ಲಿ ಎಕೆಬಿ ಬಿಟ್ಟು ನಟಿಯಾದರು. ಅವರ ಒಂಟಿ ಹಾಡೊಂದರ ಪ್ರಚಾರಕ್ಕೆಂದು ವಿಡಿಯೊ ಮಾಡಲು ನಿರ್ದೇಶಕ ಕುರೊಸಾವಾ ಕಿಯೊಶಿ ಅವರನ್ನು ಕೇಳಿದರು. ಅವರು ರಷ್ಯಾದ ವ್ಲಾದಿವೊಸ್ತೊಕ್‌ಗೆ ಹೋಗಿ ಒಂದು ಗಂಟೆಯ ಚಿತ್ರವನ್ನೇ ಮಾಡಿಕೊಂಡು ಬಂದರು. 'ಸೆವೆಂತ್ ಕೋಡ್'. 2013ರ ರೋಮ್ ಚಿತ್ರೋತ್ಸವದಲ್ಲಿ ಅದಕ್ಕೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. ಸಿಂಗಲ್‌ನ ಕೊಸರು ಯುರೋಪಿನಲ್ಲಿ ಬಹುಮಾನ ಗೆದ್ದು ಬಂದಾಗ ಸಿಂಗಲ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಕಥೆ ಹೀಗೆ: ಟೋಕಿಯೊದಲ್ಲಿ ಒಮ್ಮೆ ಮಾತ್ರ ಜೊತೆಗೆ ಊಟ ಮಾಡಿದ ಗಂಡಸನ್ನು ಹುಡುಕಿಕೊಂಡು ಒಬ್ಬಳು ಹುಡುಗಿ ಪೆಟ್ಟಿಗೆ ಎಳೆಯುತ್ತ ಪರದೇಶಕ್ಕೆ ಬರುತ್ತಾಳೆ. ಅವನಿಗೆ ಇವಳ ಗುರುತೇ ಸಿಗುವುದಿಲ್ಲ. ಇವಳು ಬಿಡುವುದಿಲ್ಲ, ಬೆನ್ನು ಹತ್ತುತ್ತಾಳೆ, ಏಟು ತಿನ್ನುತ್ತಾಳೆ, ಮತ್ತೆ ಹತ್ತುತ್ತಾಳೆ. ವರ್ಷಗಟ್ಟಲೆ ಅಭಿಮಾನಿಗಳ ಸಾಲಿನ ಆಚೆ ಬದಿಯಲ್ಲಿ ನಿಂತು, ಒಮ್ಮೆ ಮಾತ್ರ ಕಂಡವರ ಕೈ ಹಿಡಿದು ನಕ್ಕವಳಿಗೆ ಕುರೊಸಾವಾ ಸಾಲಿನ ಈಚೆ ಬದಿಯ ಪಾತ್ರ ಕೊಟ್ಟಿದ್ದಾರೆ. ಅಯ್ಯೋ ಪಾಪ, ಎಂಥ ಮರುಳು ಪ್ರೀತಿ ಎಂದು ನಾವು ಅಂದುಕೊಳ್ಳುತ್ತಿರುವಾಗ ಕಥೆ ತಿರುಗುತ್ತದೆ. ಅವಳು ಬಂದದ್ದು ಪ್ರೀತಿಗಲ್ಲ, ಕೆಲಸಕ್ಕೆ. ಆ ಕಣ್ಣೀರು, ಆ ಹಠ, ಆ ಅಮಾಯಕ ಮುಖ ಎಲ್ಲವೂ ಕೆಲಸದ ಭಾಗ, ಮತ್ತು ಕೆಲಸದಲ್ಲಿ ಅವಳು ಪಳಗಿದ ಕೈ. ಗಂಡಸನ್ನು ನಾಲ್ಕೇ ಏಟಿಗೆ ನೆಲಕ್ಕೆ ಕೆಡವಿ, ಬೇಕಾದ್ದನ್ನು ತೆಗೆದುಕೊಂಡ ಮೇಲೆ, ಅವಳು ಕ್ಯಾಮೆರಾ ಕಡೆ ತಿರುಗಿ ಹಾಡುತ್ತಾಳೆ.